ಸಲಿಕೆ ಹಿಡಿದ ಯುವಜನ



ಎಲ್ಲಿಯಾದರೂ ಭೂಕಂಪವಾದಾಗ, ನೆರೆ ಬಂದಾಗ, ಗುಡ್ಡ ಜರಿದಾಗ ಮೊದಲ ಮೂರು ನಾಲ್ಕು ದಿನ ಇಡೀ ಲೋಕವೇ ಆ ಕಡೆ ನೋಡುತ್ತದೆ. ಸೈನ್ಯ ಬರುತ್ತದೆ, ಅಗ್ನಿಶಾಮಕ ದಳ ಬರುತ್ತದೆ, ವೈದ್ಯರು ಬರುತ್ತಾರೆ, ಅವರ ಹಿಂದೆಯೇ ಕ್ಯಾಮೆರಾಗಳೂ ಬರುತ್ತವೆ. ದೇವಾಲಯಗಳಲ್ಲಿ ಪ್ರಾರ್ಥನೆ ನಡೆಯುತ್ತದೆ, ವಿಶೇಷ ಕಾಣಿಕೆ ಎತ್ತಲಾಗುತ್ತದೆ. ಇದೆಲ್ಲ ಆಗಲೇಬೇಕಾದದ್ದು. ಆದರೆ ಆಮೇಲೆ? ಐದನೆಯ ದಿನ, ಹತ್ತನೆಯ ದಿನ, ಎಲ್ಲರೂ ಹಿಂದಿರುಗಿದ ಮೇಲೆ ಅಲ್ಲಿ ಉಳಿಯುವುದು ಕೆಸರು. ಅಡುಗೆಮನೆಯಲ್ಲಿ ಕೆಸರು, ಹಾಸಿಗೆಯಲ್ಲಿ ಕೆಸರು, ಬಾವಿಯಲ್ಲಿ ಕೆಸರು, ಗೋಡೆಗೆ ತೂಗುಹಾಕಿದ್ದ ಮದುವೆಯ ಫೋಟೋದ ಮೇಲೂ ಕೆಸರು. ಮಕ್ಕಳೆಲ್ಲ ದೂರದ ಊರಿನಲ್ಲಿರುವ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಆ ಕೆಸರನ್ನು ಯಾವ ಕೈಯಿಂದ ಎತ್ತಿಯಾಳು?

ದಯಾಳು ಸಮಾರಿತನ ಸಾಮತಿಯನ್ನು ನಾವೆಲ್ಲ ಬಾಲ್ಯದಿಂದಲೇ ಕೇಳಿದ್ದೇವೆ. ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಅವನು ಎಣ್ಣೆ ಸುರಿದು ಪಟ್ಟಿ ಕಟ್ಟಿದ ಚಿತ್ರ ನಮ್ಮ ಮನಸ್ಸಿನಲ್ಲಿ ಚೆನ್ನಾಗಿ ಉಳಿದಿದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವನು ಗಾಯಾಳುವನ್ನು ತನ್ನ ವಾಹನದ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಅಂದು ಅಲ್ಲಿ ಅವನ ಆರೈಕೆ ಮಾಡಿದ, ಮರುದಿನ ಹಣ ಕೊಟ್ಟ, ಮತ್ತೆ ಬರುವೆನೆಂದು ಮಾತು ಕೊಟ್ಟ. ಪ್ರಾಣ ಉಳಿದದ್ದು ರಸ್ತೆಯ ಬದಿಯಲ್ಲಿ, ಆದರೆ ಮನುಷ್ಯ ಚೇತರಿಸಿಕೊಂಡದ್ದು ಛತ್ರದಲ್ಲಿ. ಮೊದಲನೆಯದಕ್ಕೆ ಸ್ವಲ್ಪ ಹೊತ್ತು ಸಾಕಾಯಿತು, ಎರಡನೆಯದಕ್ಕೆ ಹಲವು ದಿನಗಳು ಬೇಕಾದವು. ಇಂದು ನಾವು ಆಲೋಚಿಸಬೇಕೆಂದಿರುವುದು ಈ ಎರಡನೆಯ ಭಾಗದ ಬಗ್ಗೆ. ಅದನ್ನು ತಮ್ಮ ಕೆಲಸವೆಂದು ಎತ್ತಿಕೊಂಡ ಒಂದು ಊರಿನ ವಿದ್ಯಾರ್ಥಿಗಳ ಕಥೆ ಇಲ್ಲಿದೆ.

ಒಂದು ನಗರ, ಎರಡು ಕಂಪನಗಳು

ನ್ಯೂಜಿಲೆಂಡ್ ದೇಶದ ದಕ್ಷಿಣ ದ್ವೀಪದಲ್ಲಿ ಕ್ರೈಸ್ಟ್‌ಚರ್ಚ್ ಎಂಬ ನಗರವಿದೆ. ಹೆಸರು ಕೇಳಿದೊಡನೆ ಅದು ಕ್ರಿಸ್ತಸಭೆಯನ್ನೇ ಕುರಿತದ್ದೆಂದು ನಮಗೆ ತೋರಬಹುದು. ನಿಜವಾಗಿ ಆ ಹೆಸರು ಬಂದದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಕಾಲೇಜಿನಿಂದ. 1850ರಲ್ಲಿ ಹಡಗುಗಳಲ್ಲಿ ಬಂದ ಇಂಗ್ಲಿಷ್ ವಲಸೆಗಾರರು ಈ ಊರನ್ನು ಬೆಳೆಸಿದರು. ಏವನ್ ಎಂಬ ಸಣ್ಣ ನದಿ ನಗರದ ನಡುವೆ ಬಳುಕುತ್ತ ಹರಿದು ಪೂರ್ವದ ಸಮುದ್ರವನ್ನು ಸೇರುತ್ತದೆ. ನಗರದ ಬಹುಪಾಲು ನಿಂತಿರುವುದು ಹಿಂದೆ ಜೌಗಾಗಿದ್ದ, ಮರಳು ಮತ್ತು ನುಣುಪು ಮಣ್ಣು ತುಂಬಿದ ನೆಲದ ಮೇಲೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ನಡೆದದ್ದೆಲ್ಲ ಇದರಿಂದಲೇ.

2010ರ ಸೆಪ್ಟೆಂಬರ್ 4, ಶನಿವಾರ. ಬೆಳಗಿನ ಜಾವ 4 ಗಂಟೆ 35 ನಿಮಿಷಕ್ಕೆ ನಗರದಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮಕ್ಕೆ, ಡಾರ್ಫೀಲ್ಡ್ ಎಂಬ ಊರಿನ ಹತ್ತಿರ ಭೂಮಿ ಬಿರಿಯಿತು. ಕಂಪನದ ಪ್ರಮಾಣ 7.1. ಅಲ್ಲಿ ಅಂಥದೊಂದು ಬಿರುಕು ಭೂಮಿಯೊಳಗೆ ಅಡಗಿದೆಯೆಂದು ವಿಜ್ಞಾನಿಗಳಿಗೂ ಅದುವರೆಗೆ ತಿಳಿದಿರಲಿಲ್ಲ. ಜನರೆಲ್ಲ ಹಾಸಿಗೆಯಲ್ಲಿದ್ದರು, ಬೀದಿಗಳು ಖಾಲಿಯಾಗಿದ್ದವು. ಇಟ್ಟಿಗೆಯ ಗೋಡೆಗಳು, ಹೊಗೆಗೂಡುಗಳು ಉರುಳಿ ಬಿದ್ದರೂ ಅವುಗಳಡಿ ಸಿಲುಕಿ ಯಾರೂ ಸಾಯಲಿಲ್ಲ. ದೊಡ್ಡ ಗಂಡಾಂತರದಿಂದ ಪಾರಾದೆವೆಂದು ನಗರ ನಿಟ್ಟುಸಿರು ಬಿಟ್ಟಿತು.

ಆ ನೆಮ್ಮದಿ ಆರು ತಿಂಗಳೂ ಉಳಿಯಲಿಲ್ಲ. 2011ರ ಫೆಬ್ರವರಿ 22, ಮಂಗಳವಾರ, ಮಧ್ಯಾಹ್ನ 12 ಗಂಟೆ 51 ನಿಮಿಷ. ಕಚೇರಿಗಳಲ್ಲಿ, ಅಂಗಡಿಗಳಲ್ಲಿ, ಊಟದ ಹೋಟೆಲುಗಳಲ್ಲಿ ಜನ ತುಂಬಿದ್ದ ಹೊತ್ತು. ಈ ಸಲದ ಕಂಪನದ ಪ್ರಮಾಣ 6.2. ಸಂಖ್ಯೆಯನ್ನು ನೋಡಿದರೆ ಹಿಂದಿನದಕ್ಕಿಂತ ಚಿಕ್ಕದು. ಆದರೆ ಅದು ಹುಟ್ಟಿದ್ದು ನಗರದ ಅಂಚಿನಲ್ಲೇ, ನೆಲದಿಂದ ಕೆಲವೇ ಕಿಲೋಮೀಟರ್ ಆಳದಲ್ಲಿ. ದೂರದಲ್ಲಿ ಹೊಡೆದ ದೊಡ್ಡ ಸಿಡಿಲಿಗೂ ತೋಟದ ತೆಂಗಿನ ಮರಕ್ಕೇ ಹೊಡೆದ ಸಿಡಿಲಿಗೂ ಇರುವ ವ್ಯತ್ಯಾಸ ನಮಗೆ ಗೊತ್ತಲ್ಲವೇ? ಕೆಲವು ಕಡೆ ನೆಲ ಮೇಲಕ್ಕೆ ಕುಪ್ಪಳಿಸಿದ ರಭಸ ಗುರುತ್ವಾಕರ್ಷಣೆಯ ಎರಡು ಪಟ್ಟನ್ನೂ ಮೀರಿತ್ತು. 185 ಮಂದಿ ಪ್ರಾಣ ಕಳೆದುಕೊಂಡರು. ಸಿಟಿವಿ ಎಂಬ ಒಂದೇ ಕಟ್ಟಡ ಕುಸಿದು 115 ಮಂದಿ ಸತ್ತರು. ಇಂಗ್ಲಿಷ್ ಭಾಷೆ ಕಲಿಯಲು ಜಪಾನ್, ಚೀನಾ ಮೊದಲಾದ ದೇಶಗಳಿಂದ ಬಂದಿದ್ದ ವಿದ್ಯಾರ್ಥಿಗಳೂ ಅವರಲ್ಲಿ ಅನೇಕರಿದ್ದರು. ಎಷ್ಟೋ ತಾಯಿ ತಂದೆಯರು ಕಡಲಾಚೆಯಲ್ಲಿ ಕುಳಿತು ಫೋನಿನ ಕರೆಗಾಗಿ ಕಾದರು.

ನೆಲವೇ ನೀರಾದ ಬಗೆ

ಕಟ್ಟಡಗಳ ಕುಸಿತ ನಗರದ ಮಧ್ಯಭಾಗದ ದುರಂತ. ನದಿಯ ಉದ್ದಕ್ಕೂ ಹರಡಿದ್ದ ಪೂರ್ವದ ಬಡಾವಣೆಗಳಲ್ಲಿ ನಡೆದದ್ದು ಇನ್ನೊಂದು ಬಗೆಯ ದುರಂತ. ಅಲ್ಲಿ ನೆಲವೇ ನೀರಿನಂತಾಯಿತು. ಇದಕ್ಕೆ ಮಣ್ಣಿನ ದ್ರವೀಕರಣ ಎನ್ನುತ್ತಾರೆ.

ಇದೇನೆಂದು ತಿಳಿಯಲು ಒಂದು ಸೇರಿನಲ್ಲಿ ಅಕ್ಕಿ ತುಂಬಿ ನೋಡಿ. ಸೇರನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿದರೆ ಅಕ್ಕಿ ಕೆಳಗಿಳಿಯುತ್ತದೆ, ಮೇಲೆ ಇನ್ನೊಂದು ಹಿಡಿಗೆ ಜಾಗವಾಗುತ್ತದೆ. ಕಾಳುಗಳ ನಡುವಿನ ಸಂದಿಯಲ್ಲಿದ್ದ ಗಾಳಿ ಹೊರಗೆ ಹೋಗಿ ಕಾಳುಗಳು ಒಂದಕ್ಕೊಂದು ಒತ್ತಿ ಕುಳಿತದ್ದೇ ಇದಕ್ಕೆ ಕಾರಣ. ಈಗ ಆ ಸಂದಿಯಲ್ಲಿ ಗಾಳಿಯ ಬದಲು ನೀರಿದೆಯೆಂದು ತಿಳಿಯಿರಿ. ಅಕ್ಕಿಯ ಜಾಗದಲ್ಲಿ ನುಣುಪಾದ ಮರಳು, ಸೇರಿನ ಜಾಗದಲ್ಲಿ ಒಂದು ಇಡೀ ಬಡಾವಣೆ. ಭೂಮಿ ಕುಲುಕಿದಾಗ ಮರಳಿನ ಕಣಗಳು ಒತ್ತಾಗಿ ಕೂರಲು ಹವಣಿಸುತ್ತವೆ, ಆದರೆ ನಡುವಿನ ನೀರಿಗೆ ಅಷ್ಟು ಬೇಗ ಹೊರಗೆ ಹೋಗಲು ದಾರಿಯಿಲ್ಲ. ನೀರಿನ ಒತ್ತಡ ಏರುತ್ತದೆ. ಏರಿ ಏರಿ ಕಣಗಳನ್ನೇ ಒಂದರಿಂದೊಂದು ಬೇರ್ಪಡಿಸುತ್ತದೆ. ಕಣಕ್ಕೆ ಕಣ ತಾಗಿದ್ದರೆ ತಾನೇ ನೆಲಕ್ಕೆ ಬಲ? ಆ ತಾಗುವಿಕೆ ತಪ್ಪಿದೊಡನೆ ಗಟ್ಟಿ ನೆಲ ಗಂಜಿಯಂತಾಗುತ್ತದೆ. ಅದರ ಮೇಲಿದ್ದ ಮನೆ ಓರೆಯಾಗಿ ಹೂತುಕೊಳ್ಳುತ್ತದೆ. ಒತ್ತಡಕ್ಕೆ ಸಿಲುಕಿದ ನೀರು ಬಿರುಕುಗಳನ್ನು ಹುಡುಕಿ, ಮರಳನ್ನೂ ಹೊತ್ತು, ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ.

ಹೀಗೆ ಚಿಮ್ಮಿದ ಬೂದು ಬಣ್ಣದ ಕೆಸರು ಅಂಗಳಗಳನ್ನು, ರಸ್ತೆಗಳನ್ನು, ಮನೆಯೊಳಗಿನ ಕೋಣೆಗಳನ್ನು ತುಂಬಿತು. ಚರಂಡಿಯ ಕೊಳವೆಗಳು ಒಡೆದಿದ್ದರಿಂದ ಅದರಲ್ಲಿ ಕೊಳಚೆಯೂ ಬೆರೆತಿತ್ತು. ಒದ್ದೆಯಾಗಿದ್ದಾಗ ಅದು ಸಲಿಕೆಗೆ ಅಂಟುವಷ್ಟು ಭಾರ, ಒಣಗಿದರೆ ಕಣ್ಣು ಮೂಗಿಗೆ ನುಗ್ಗುವ ಧೂಳು. ಫೆಬ್ರವರಿಯ ಕಂಪನವೊಂದರಿಂದಲೇ ಮೇಲೆ ಬಂದದ್ದು ಸುಮಾರು 4 ಲಕ್ಷ ಟನ್. ಒಂದು ಲಾರಿಗೆ 10 ಟನ್ ಎಂದು ಹಿಡಿದರೂ 40,000 ಲಾರಿಗಳಾದವು. ರಸ್ತೆಯ ಮೇಲಿನದನ್ನು ಯಂತ್ರಗಳು ಎತ್ತಬಹುದು. ಆದರೆ ಹಿತ್ತಲಿನ ಗುಲಾಬಿ ಗಿಡಗಳ ನಡುವೆ, ಗ್ಯಾರೇಜಿನ ಮೂಲೆಯಲ್ಲಿ, ಮಂಚದ ಕೆಳಗೆ ತುಂಬಿದ್ದನ್ನು ಎತ್ತಲು ಯಾವ ಯಂತ್ರ ಬಂದೀತು? ಅಲ್ಲಿಗೆ ಮನುಷ್ಯನ ಕೈಯೇ ಬೇಕು.

ಬೇಡವೆಂದರೂ ಹಿಂದೆ ಸರಿಯದವರು

ಕ್ಯಾಂಟರ್ಬರಿ ವಿಶ್ವವಿದ್ಯಾಲಯ ಇರುವುದು ನಗರದ ಪಶ್ಚಿಮ ಭಾಗದಲ್ಲಿ. ಪೂರ್ವದಷ್ಟು ಹಾನಿ ಅಲ್ಲಿ ಆಗಿರಲಿಲ್ಲ. ಸೆಪ್ಟೆಂಬರಿನ ಕಂಪನದ ನಂತರ ತರಗತಿಗಳು ನಿಂತವು, ವಿದ್ಯಾರ್ಥಿಗಳಿಗೆ ಬಿಡುವಾಯಿತು. ಅವರಲ್ಲಿ ಸ್ಯಾಮ್ ಜಾನ್ಸನ್ ಎಂಬ ಕಾನೂನು ವಿದ್ಯಾರ್ಥಿ ಒಬ್ಬ. ವಯಸ್ಸು 21. ಗ್ರಾಮೀಣ ಕ್ಯಾಂಟರ್ಬರಿಯಿಂದ ಓದಲು ನಗರಕ್ಕೆ ಬಂದವನು. ನೆರವಿಗೆ ಬರುತ್ತೇವೆಂದು ಅವನು ಅಧಿಕಾರಿಗಳನ್ನು ಕೇಳಿದಾಗ, ತರಬೇತಿಯಿಲ್ಲದವರ ಅಗತ್ಯ ಸದ್ಯಕ್ಕಿಲ್ಲ ಎಂಬ ಅರ್ಥದ ಉತ್ತರ ಬಂತು.

ಈ ಉತ್ತರವನ್ನು ನಾವು ಅವಸರದಿಂದ ಖಂಡಿಸಬಾರದು. ವಿಪತ್ತಿನ ಸ್ಥಳಕ್ಕೆ ತಮ್ಮಷ್ಟಕ್ಕೆ ನುಗ್ಗುವವರಿಂದ ಉಪಕಾರಕ್ಕಿಂತ ತೊಂದರೆಯೇ ಹೆಚ್ಚಾಗುವುದುಂಟು. ಅವರಿಗೂ ಊಟ ಬೇಕು, ನೀರು ಬೇಕು, ಮಲಗಲು ಜಾಗ ಬೇಕು. ಅವರು ಗಾಯಗೊಂಡರೆ ಅವರನ್ನೂ ರಕ್ಷಿಸಬೇಕು. ರಸ್ತೆಯಲ್ಲಿ ಅವರ ವಾಹನ ನಿಂತರೆ ಆಂಬುಲೆನ್ಸಿಗೆ ದಾರಿ ಸಿಗುವುದಿಲ್ಲ. ಹೊಣೆ ಹೊತ್ತವರು ಹಿಂಜರಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಸ್ಯಾಮ್ ಜಾನ್ಸನ್ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕೋಣೆಯಲ್ಲಿ ಕೂರಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಫೇಸ್‌ಬುಕ್ಕಿನಲ್ಲಿ ಒಂದು ಆಹ್ವಾನ ಬರೆದು ಸುಮಾರು 200 ಗೆಳೆಯರಿಗೆ ಕಳುಹಿಸಿದ: ಕೆಸರು ಎತ್ತಲು ಬನ್ನಿ. ಗೆಳೆಯರು ತಮ್ಮ ಗೆಳೆಯರನ್ನು ಕರೆದರು. ಮುಂದಿನ ದಿನಗಳಲ್ಲಿ ಹೀಗೆ ಕೂಡಿದವರು ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಅವರ ಗುಂಪಿಗೆ ಸ್ಟೂಡೆಂಟ್ ವಾಲಂಟಿಯರ್ ಆರ್ಮಿ, ಅಂದರೆ ವಿದ್ಯಾರ್ಥಿ ಸ್ವಯಂಸೇವಕರ ಸೈನ್ಯ ಎಂಬ ಹೆಸರು ಬಿತ್ತು. ಈ ಸೈನ್ಯದ ಆಯುಧ ಸಲಿಕೆ, ರಥ ಕೈಗಾಡಿ, ಸಮವಸ್ತ್ರ ಮೊಣಕಾಲಿನವರೆಗಿನ ರಬ್ಬರ್ ಬೂಟು.

ಸೆಪ್ಟೆಂಬರಿನಲ್ಲಿ ಹೀಗೆ ಪಳಗಿದ್ದರಿಂದಲೇ ಫೆಬ್ರವರಿಯಲ್ಲಿ ಅವರು ಸಿದ್ಧರಾಗಿದ್ದರು. ಹೊಸ ಶೈಕ್ಷಣಿಕ ವರ್ಷ ಆಗಷ್ಟೇ ಆರಂಭವಾಗಿತ್ತು. ವಿಶ್ವವಿದ್ಯಾಲಯವನ್ನು ವಾರಗಟ್ಟಲೆ ಮುಚ್ಚಬೇಕಾಯಿತು, ಮುಂದೆ ಡೇರೆಗಳಲ್ಲಿ ಪಾಠ ನಡೆಸಬೇಕಾಯಿತು. ಊರಿಗೆ ಹೊರಟುಹೋಗಲು ಯಾರಿಗೂ ಅಡ್ಡಿಯಿರಲಿಲ್ಲ. ಆದರೂ ಸಾವಿರಾರು ಮಂದಿ ನಿಂತರು. ಅತ್ಯಂತ ಬಿರುಸಿನ ದಿನಗಳಲ್ಲಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ಸಲಿಕೆ ಹಿಡಿದು ಹೊರಟರು. ಒಟ್ಟು ಕೈಜೋಡಿಸಿದವರು ಸುಮಾರು 10,000. ಹಿಂದೆ ಹಿಂಜರಿದಿದ್ದ ಅಧಿಕಾರಿಗಳೇ ಈಗ ಅವರೊಂದಿಗೆ ಕುಳಿತು ಯಾವ ಬೀದಿಗೆ ಎಷ್ಟು ಮಂದಿ ಎಂದು ಯೋಜನೆ ಹಾಕಿದರು. ನಂಬಿಕೆಯನ್ನು ಯಾರೂ ಕೇಳಿ ಪಡೆಯಲಾಗದು. ಅದನ್ನು ದುಡಿದೇ ಗಳಿಸಬೇಕು, ಈ ಮಕ್ಕಳು ಹಾಗೆ ಗಳಿಸಿದರು.

ಕೆಲಸ ನಡೆದ ರೀತಿ

ಉತ್ಸಾಹ ಇದ್ದರೆ ಸಾಲದು, ಕ್ರಮವೂ ಬೇಕು. ನಮ್ಮ ಹಬ್ಬದ ಅಡುಗೆಯಲ್ಲೂ ಹತ್ತು ಜನ ಒಲೆಯ ಸುತ್ತ ನಿಂತು ಒಬ್ಬರೂ ತರಕಾರಿ ಹೆಚ್ಚದಿದ್ದರೆ ಸಾರು ಆದೀತೇ? ಆ ವಿದ್ಯಾರ್ಥಿಗಳು ಕೆಲಸವನ್ನು ಹಂಚಿಕೊಂಡ ಬಗೆಯಲ್ಲಿ ನಾವು ಗಮನಿಸಬೇಕಾದ ಸಂಗತಿಗಳಿವೆ.

ಮೊದಲನೆಯದು, ಎಲ್ಲರೂ ಒಂದು ಕಡೆ ಸೇರುವುದು. ಬೆಳಗ್ಗೆ ಒಂದೆಡೆ ಕೂಡಿ, ತಂಡಗಳಾಗಿ ಹಂಚಿಕೊಂಡು, ಪ್ರತಿ ತಂಡಕ್ಕೆ ಒಬ್ಬ ಮುಖ್ಯಸ್ಥನನ್ನೋ ಮುಖ್ಯಸ್ಥೆಯನ್ನೋ ಗೊತ್ತುಮಾಡಿ, ಬಸ್ಸುಗಳಲ್ಲಿ ಪೂರ್ವದ ಬಡಾವಣೆಗಳಿಗೆ ಹೋಗುತ್ತಿದ್ದರು. ಒಬ್ಬೊಬ್ಬರೇ ತಮ್ಮ ಕಾರಿನಲ್ಲಿ ಹೊರಟಿದ್ದರೆ ಬಿರುಕು ಬಿಟ್ಟ ರಸ್ತೆಗಳು ಇನ್ನಷ್ಟು ಕಟ್ಟಿಕೊಳ್ಳುತ್ತಿದ್ದವು.

ಎರಡನೆಯದು, ಬೀದಿ ಹಿಡಿದು ಕೆಲಸ ಮಾಡುವುದು. ಒಂದು ತಂಡ ಒಂದು ಬೀದಿಗೆ ಹೋದರೆ ಮನೆಯಿಂದ ಮನೆಗೆ ಸಾಗುತ್ತಿತ್ತು. ಅಂಗಳದ ಕೆಸರನ್ನು ಕೈಗಾಡಿಗೆ ತುಂಬಿ ರಸ್ತೆಯ ಬದಿಯಲ್ಲಿ ರಾಶಿ ಹಾಕುವುದು ಅವರ ಪಾಲು, ರಾಶಿಯನ್ನು ಲಾರಿಗೆ ಏರಿಸಿ ಸಾಗಿಸುವುದು ಯಂತ್ರಗಳ ಪಾಲು. ಯಂತ್ರ ಹೋಗದ ಕಡೆ ಕೈ, ಕೈಯಿಂದ ಆಗದ ಕಡೆ ಯಂತ್ರ.

ಮೂರನೆಯದು, ತಮ್ಮದಲ್ಲದ ಕೆಲಸಕ್ಕೆ ಕೈಹಾಕದಿರುವುದು. ಕುಸಿದ ಕಟ್ಟಡಗಳ ಅಡಿಯಿಂದ ಜನರನ್ನು ತೆಗೆಯುವುದು ತರಬೇತಿ ಪಡೆದ ರಕ್ಷಣಾ ದಳದವರ ಕೆಲಸ. ಜಪಾನ್, ಆಸ್ಟ್ರೇಲಿಯಾ ಮತ್ತಿತರ ದೇಶಗಳಿಂದಲೂ ಅಂಥ ದಳಗಳು ಬಂದಿದ್ದವು. ನಗರದ ಮಧ್ಯಭಾಗಕ್ಕೆ ಸೈನಿಕರು ಬೇಲಿ ಹಾಕಿ ಕಾಯುತ್ತಿದ್ದರು. ವಿದ್ಯಾರ್ಥಿಗಳು ಆ ಕಡೆ ಹೋಗದೆ, ತಾವು ಮಾಡಬಲ್ಲ ಸರಳ ಕೆಲಸವನ್ನೇ ಆರಿಸಿಕೊಂಡರು. ಕೆಸರು ಎತ್ತುವುದು, ಕುಡಿಯುವ ನೀರು ತಲುಪಿಸುವುದು, ಶೌಚದ ವ್ಯವಸ್ಥೆ ಕೆಟ್ಟುಹೋಗಿದ್ದ ಮನೆಗಳಿಗೆ ತಾತ್ಕಾಲಿಕ ಶೌಚ ಪೆಟ್ಟಿಗೆಗಳನ್ನು ಕೊಡುವುದು, ಮನೆ ಮನೆಗೆ ಮಾಹಿತಿಯ ಕರಪತ್ರ ಹಂಚುವುದು, ಇವು ಅವರ ಕೆಲಸಗಳಾಗಿದ್ದವು.

ನಾಲ್ಕನೆಯದು, ದುಡಿಯುವವರನ್ನು ನೋಡಿಕೊಳ್ಳುವುದು. ಕೊಳಚೆ ಬೆರೆತ ಕೆಸರಾದ್ದರಿಂದ ಕೈಗವಸು, ಮುಖಕ್ಕೆ ಮಾಸ್ಕು, ಕೈ ತೊಳೆಯುವ ವ್ಯವಸ್ಥೆ ಬೇಕಿತ್ತು. ಹೊತ್ತಿಗೆ ಸರಿಯಾಗಿ ಊಟ ಬೇಕಿತ್ತು. ಇಲ್ಲಿ ಊರಿನ ಇತರರು ಮುಂದೆ ಬಂದರು. ಸುತ್ತಲಿನ ಹಳ್ಳಿಗಳ ರೈತರು ತಮ್ಮ ಟ್ರ್ಯಾಕ್ಟರುಗಳನ್ನೂ ಮನೆಯಲ್ಲಿ ಮಾಡಿದ ತಿಂಡಿಗಳನ್ನೂ ತಂದರು. ರೈತರ ಈ ಗುಂಪಿಗೆ ಜನ ಪ್ರೀತಿಯಿಂದ ಫಾರ್ಮಿ ಆರ್ಮಿ ಎಂದು ಪ್ರಾಸ ಹಾಕಿ ಹೆಸರಿಟ್ಟರು. ಸಲಿಕೆ ಹಿಡಿಯಲಾಗದ ಹಿರಿಯರು ಬ್ರೆಡ್ಡಿಗೆ ಬೆಣ್ಣೆ ಹಚ್ಚಿದರು. ಯುವಜನರ ಸೇವೆಯ ಹಿಂದೆ ಯಾವಾಗಲೂ ಹೀಗೆ ಒಂದು ಅಡುಗೆಮನೆ ಇರುತ್ತದೆ, ಅದನ್ನು ನಾವು ಮರೆಯಬಾರದು.

ಕೆಸರಿಗಿಂತ ಭಾರವಾದದ್ದು

ಕೆಲಸ ಸಾಗುತ್ತಿದ್ದಂತೆ ವಿದ್ಯಾರ್ಥಿಗಳಿಗೆ ಒಂದು ಸಂಗತಿ ಅರಿವಾಯಿತು. ಅಂಗಳದ ಕೆಸರು ಎತ್ತಿ ಮುಗಿದ ಮೇಲೂ ಮನೆಯವರು ಅವರನ್ನು ಹೋಗಲು ಬಿಡುತ್ತಿರಲಿಲ್ಲ. ಒಂದು ಲೋಟ ಚಹಾ ಕುಡಿದು ಹೋಗಿ ಎನ್ನುತ್ತಿದ್ದರು. ಕುಳಿತರೆ ಮಾತು ಶುರುವಾಗುತ್ತಿತ್ತು. ಕಂಪನ ಬಂದಾಗ ತಾನು ಎಲ್ಲಿದ್ದೆ, ಯಾವ ಗೋಡೆ ಬಿತ್ತು, ಯಾರ ಸುದ್ದಿ ಇನ್ನೂ ಬಂದಿಲ್ಲ, ರಾತ್ರಿ ನಿದ್ದೆ ಏಕೆ ಬರುತ್ತಿಲ್ಲ, ಇಂಥ ಮಾತು. ಆ ತಿಂಗಳುಗಳಲ್ಲಿ ಸಾವಿರಾರು ಮರುಕಂಪನಗಳಾದವು. ಪ್ರತಿ ಸಲ ದೀಪ ಅಲ್ಲಾಡಿದಾಗಲೂ ಒಂಟಿಯಾಗಿರುವವರ ಎದೆ ನಡುಗುತ್ತಿತ್ತು. ಅಂಥವರಿಗೆ ಇಪ್ಪತ್ತರ ಹರೆಯದ ನಾಲ್ಕು ಮಂದಿ ಅಂಗಳದಲ್ಲಿ ನಗುತ್ತ ಕೆಲಸ ಮಾಡುವ ಸದ್ದೇ ಒಂದು ಔಷಧಿ.

ಆದ್ದರಿಂದ ಆ ಗುಂಪಿನವರು ಮುಂದೆ ತಮ್ಮ ಅನುಭವ ಹೇಳಿದಾಗಲೆಲ್ಲ, ಎತ್ತಿದ ಕೆಸರಿನಷ್ಟೇ ಜನರೊಂದಿಗೆ ಬೆಳೆದ ಸಂಬಂಧವೂ ಮುಖ್ಯವಾಗಿತ್ತು ಎಂಬುದನ್ನು ಸೇರಿಸಿ ಹೇಳುತ್ತ ಬಂದರು. ಅದುವರೆಗೆ ಅನೇಕ ಹಿರಿಯರಿಗೆ ವಿದ್ಯಾರ್ಥಿಗಳೆಂದರೆ ರಾತ್ರಿಯ ಗದ್ದಲ, ಜೋರಾದ ಸಂಗೀತ. ವಿದ್ಯಾರ್ಥಿಗಳಿಗೆ ಪೂರ್ವದ ಬಡಾವಣೆಗಳೆಂದರೆ ಕಾಲಿಡದ ಊರು. ಒಂದೇ ನಗರದಲ್ಲಿದ್ದೂ ಇಬ್ಬರೂ ಒಬ್ಬರನ್ನೊಬ್ಬರು ಅರಿತಿರಲಿಲ್ಲ. ಕೆಸರು ಅವರ ನಡುವಿನ ಬಾಗಿಲು ತೆರೆಯಿತು.

ಆ ಶ್ರಮ ವ್ಯರ್ಥವಾಯಿತೇ?

ಈಗ ಒಂದು ಕಠಿಣ ಪ್ರಶ್ನೆಯನ್ನು ನಾವು ಎದುರಿಸಬೇಕು. 2011ರ ಜೂನ್ 13ರಂದು ಮತ್ತೆ ಬಲವಾದ ಕಂಪನಗಳಾದವು. ಸ್ವಚ್ಛ ಮಾಡಿದ್ದ ಅಂಗಳಗಳಲ್ಲಿ ಮತ್ತೆ ಕೆಸರು ಚಿಮ್ಮಿತು, ಮತ್ತೆ ಸಲಿಕೆಗಳು ಹೊರಬಂದವು. ಅದೇ ತಿಂಗಳಲ್ಲಿ ಸರ್ಕಾರ ಒಂದು ನಿರ್ಧಾರ ಪ್ರಕಟಿಸಿತು: ನದಿಯ ಬದಿಯ ಅನೇಕ ಬಡಾವಣೆಗಳ ನೆಲ ಇನ್ನು ಮನೆ ಕಟ್ಟಲು ತಕ್ಕದ್ದಲ್ಲ, ಅವುಗಳನ್ನು ಸರ್ಕಾರ ಕೊಂಡುಕೊಳ್ಳುತ್ತದೆ. ಕೆಂಪು ವಲಯ ಎಂದು ಕರೆಯಲಾದ ಇಂಥ ಪ್ರದೇಶಗಳಲ್ಲಿ ಒಟ್ಟು ಸುಮಾರು 8,000 ಆಸ್ತಿಗಳು ಸೇರಿದವು. ವಿದ್ಯಾರ್ಥಿಗಳು ಬೆವರು ಸುರಿಸಿ ಕೆಸರು ಎತ್ತಿದ್ದ ಏವನ್‌ಸೈಡ್, ಡಾಲಿಂಗ್ಟನ್, ಬೆಕ್ಸ್‌ಲಿ ಬಡಾವಣೆಗಳ ಎಷ್ಟೋ ಮನೆಗಳು ಅದರಲ್ಲಿದ್ದವು. ಕುಟುಂಬಗಳು ಬೇರೆಡೆ ಹೋದವು, ಮನೆಗಳನ್ನು ಕೆಡವಲಾಯಿತು.

ಹಾಗಾದರೆ ಒಂದೆರಡು ವರ್ಷಗಳಲ್ಲಿ ನೆಲಸಮವಾಗಲಿದ್ದ ಮನೆಯನ್ನು ಗುಡಿಸಿ ಸಾರಿಸಿದ್ದು ಏಕೆ? ಮೊದಲೇ ತಿಳಿದಿದ್ದರೆ ಆ ಶ್ರಮ ಉಳಿಯುತ್ತಿತ್ತಲ್ಲವೇ? ಲೆಕ್ಕದ ಪುಸ್ತಕ ಹಿಡಿದವನು ಹೀಗೆ ಕೇಳಿದರೆ ಅದು ತಪ್ಪಲ್ಲ.

ಉತ್ತರ ಆ ಮನೆಗಳಲ್ಲಿ ಇದ್ದವರ ಬಳಿ ಇದೆ. ಅಂಗಳದ ಕೆಸರು ಎತ್ತಿದ್ದರಿಂದಲೇ ಅವರು ಬಾಗಿಲು ತೆರೆದು ಹೊರಬರಲು ಸಾಧ್ಯವಾಯಿತು, ಸಾಮಾನುಗಳನ್ನು ಉಳಿಸಿಕೊಳ್ಳಲು ಸಾಧ್ಯವಾಯಿತು, ಚಳಿಗಾಲದಲ್ಲಿ ತಲೆಯ ಮೇಲೊಂದು ಸೂರು ಉಳಿಯಿತು. ನಮ್ಮನ್ನು ಯಾರೂ ಮರೆತಿಲ್ಲ ಎಂಬ ಧೈರ್ಯದಿಂದ ಮುಂದಿನ ನಿರ್ಧಾರಗಳನ್ನು ಮಾಡಲು ಕಾಲಾವಕಾಶ ಸಿಕ್ಕಿತು. ಕಾಯಿಲೆಯಲ್ಲಿರುವ ಅಪ್ಪನ ಹಾಸಿಗೆಯನ್ನು ದಿನವೂ ಮಡಿಮಾಡಿ ಹಾಸುವ ಮಗಳನ್ನು, ಇನ್ನೆಷ್ಟು ದಿನಕ್ಕೆ ಇದೆಲ್ಲ ಎಂದು ಯಾರಾದರೂ ಕೇಳುತ್ತಾರೆಯೇ? ಅವಳು ಹಾಸಿಗೆಯನ್ನು ಉಳಿಸಲು ಹಾಗೆ ಮಾಡುತ್ತಿಲ್ಲ. ಛತ್ರಕ್ಕೆ ಒಯ್ದ ಗಾಯಾಳು ಮುಂದೆ ಎಷ್ಟು ವರ್ಷ ಬಾಳಿದನೆಂದು ಸಾಮತಿ ನಮಗೆ ಹೇಳುವುದಿಲ್ಲ. ಸಮಾರಿತನೂ ಅದನ್ನು ಕೇಳಿಕೊಂಡು ಸಹಾಯ ಮಾಡಲಿಲ್ಲ.

ಆ ನಗರದ ನಮ್ಮ ಕಥೋಲಿಕ ಸಹೋದರ ಸಹೋದರಿಯರೂ ಇದೇ ನೋವನ್ನು ಉಂಡರು. 1905ರಲ್ಲಿ ಪ್ರಾರಂಭವಾಗಿದ್ದ ಅವರ ಪರಮ ಪ್ರಸಾದದ ಪ್ರಧಾನಾಲಯ ಫೆಬ್ರವರಿಯ ಕಂಪನದಲ್ಲಿ ತನ್ನ ಮುಂಭಾಗದ ಗೋಪುರಗಳನ್ನು ಕಳೆದುಕೊಂಡಿತು. ಅಲ್ಲಿನ ಕಿಟಕಿಯೊಂದರ ಬಳಿ ಒಳಮುಖವಾಗಿ ನಿಂತಿದ್ದ ಮಾತೆ ಮರಿಯಮ್ಮನವರ ವಿಗ್ರಹ ಕುಲುಕಾಟದಲ್ಲಿ ಪೂರ್ತಿ ತಿರುಗಿ, ಒಡೆದ ಕಿಟಕಿಯಿಂದ ನಗರದ ಕಡೆ ಮುಖ ಮಾಡಿ ನಿಂತಿತು. ತಿರುಗಿಸಿದ್ದು ಕಂಪನವೇ ಇರಬಹುದು. ಆದರೆ ಕೆಳಗೆ ಬೀದಿಯಲ್ಲಿ ನಿಂತು ನೋಡಿದವರಿಗೆ, ತಾಯಿ ತಮ್ಮ ಕಡೆಗೇ ನೋಡುತ್ತಿದ್ದಾಳೆ ಎಂಬ ಸಾಂತ್ವನ ಸಿಕ್ಕಿತು. ಆ ಪ್ರಧಾನಾಲಯವನ್ನು ಉಳಿಸುವ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆದು, ಕೆಡವುವ ನಿರ್ಧಾರ 2019ರಲ್ಲಿ ಪ್ರಕಟವಾಯಿತು, ಮುಂದೆ ಅದನ್ನು ಕೆಡವಲಾಯಿತು. ಕಲ್ಲಿನ ದೇವಾಲಯ ಹೋಯಿತು, ವಿಶ್ವಾಸಿಗಳ ಸಮುದಾಯ ಉಳಿಯಿತು.

ಕೆಂಪು ವಲಯ ಇಂದು ನದಿಯ ದಂಡೆಯ ವಿಶಾಲ ಹಸಿರು ಬಯಲಾಗಿದೆ. ಮನೆಗಳು ಹೋದರೂ ಹಿತ್ತಿಲುಗಳಲ್ಲಿ ಆ ಕುಟುಂಬಗಳು ನೆಟ್ಟಿದ್ದ ಎಷ್ಟೋ ಹಣ್ಣಿನ ಮರಗಳನ್ನು ಹಾಗೆಯೇ ಬಿಡಲಾಯಿತು. ಬೇಲಿಯಿಲ್ಲದ ಆ ಮರಗಳ ಹಣ್ಣುಗಳನ್ನು ದಾರಿಹೋಕರು ಕಿತ್ತು ತಿನ್ನುತ್ತಾರೆ.

ವಿದ್ಯಾರ್ಥಿಗಳ ಗುಂಪೂ ಕೆಸರಿನೊಂದಿಗೆ ಮುಗಿಯಲಿಲ್ಲ. ಸ್ಯಾಮ್ ಜಾನ್ಸನ್‌ಗೆ 2012ರಲ್ಲಿ ವರ್ಷದ ಯುವ ನ್ಯೂಜಿಲೆಂಡರ್ ಎಂಬ ಗೌರವ ಸಂದಿತು. ಅವನ ನಂತರ ಬಂದ ವಿದ್ಯಾರ್ಥಿಗಳು ಗುಂಪನ್ನು ಮುಂದುವರಿಸಿದರು. 2020ರಲ್ಲಿ ಕೊರೋನಾ ರೋಗದಿಂದ ದೇಶ ಬಾಗಿಲು ಮುಚ್ಚಿದಾಗ ಇದೇ ಸಂಸ್ಥೆ ಹಿರಿಯರಿಗೆ ಮತ್ತು ಅಸ್ವಸ್ಥರಿಗೆ ದಿನಸಿ ತಲುಪಿಸುವ ವ್ಯವಸ್ಥೆ ಮಾಡಿತು. ಸಲಿಕೆಯ ಬದಲು ಕೈಯಲ್ಲಿ ಅಕ್ಕಿ ಬೇಳೆಯ ಚೀಲ, ಉಳಿದದ್ದೆಲ್ಲ ಅದೇ: ಒಂದು ಪಟ್ಟಿ, ಒಂದು ತಂಡ, ಒಂದು ಮನೆಯ ಬಾಗಿಲು.

ನಮ್ಮ ಧರ್ಮಕೇಂದ್ರಗಳಿಗೆ

ದೂರದ ನ್ಯೂಜಿಲೆಂಡಿನ ಕಥೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಕೆಸರು ನಮಗೂ ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆಗೆ ಉತ್ತರ ಕರ್ನಾಟಕದ ಊರುಗಳು ಮುಳುಗಿದವು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಬೆಟ್ಟವೇ ಮನೆಗಳ ಮೇಲೆ ಇಳಿಯಿತು. ಮರುವರ್ಷ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಮನೆಗಳೊಳಗೆ ಹೊಕ್ಕವು. 2024ರ ಜುಲೈ 30ರಂದು ನೆರೆಯ ವಯನಾಡಿನಲ್ಲಿ ನಡೆದದ್ದು ಇನ್ನೂ ನಮ್ಮ ಕಣ್ಣ ಮುಂದಿದೆ. ನಮ್ಮ ಯುವಜನರೂ ಅನೇಕ ಕಡೆ ಓಡಿಹೋಗಿ ಸಹಾಯ ಮಾಡಿದ್ದಾರೆ, ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಓಡಿಹೋಗುವುದು ಒಂದು, ಸಿದ್ಧರಾಗಿರುವುದು ಇನ್ನೊಂದು. ಫೆಬ್ರವರಿಯಲ್ಲಿ ಆ ವಿದ್ಯಾರ್ಥಿಗಳ ಕೈಹಿಡಿದದ್ದು ಸೆಪ್ಟೆಂಬರಿನ ಅಭ್ಯಾಸ.

ಇಲ್ಲಿ ಹಿರಿಯರಾದ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಮಾತೊಂದಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ಯುವಜನರಿಗೆ ನಾವು ಯಾವ ಕೆಲಸ ಕೊಡುತ್ತೇವೆ? ಹಬ್ಬಕ್ಕೆ ತೋರಣ ಕಟ್ಟುವುದು, ಕುರ್ಚಿ ಜೋಡಿಸುವುದು, ತೇರಿನ ಮುಂದೆ ನಡೆಯುವುದು, ಕ್ರಿಸ್ಮಸ್ ಗೋದಲಿ ಮಾಡುವುದು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಲೆಕ್ಕ, ಯೋಜನೆ, ನಿರ್ಧಾರ ಎಂಬ ಮಾತು ಬಂದೊಡನೆ, ನೀವಿನ್ನೂ ಚಿಕ್ಕವರು ಎನ್ನುತ್ತೇವೆ. ಯಾವ ಹೊಣೆಯನ್ನೂ ಹೊರಿಸದೆ ಹೊಣೆಯರಿತವರಾಗಿ ಬೆಳೆಯಿರಿ ಎಂದರೆ ಅವರು ಹೇಗೆ ಬೆಳೆದಾರು?

ದೊಡ್ಡ ಯೋಜನೆಯೇನೂ ಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಬಲಿಪೂಜೆಯ ನಂತರ ಯುವಜನರನ್ನು ಕೂರಿಸಿ ಕೆಲವು ಕೆಲಸಗಳನ್ನು ಅವರಿಗೇ ಒಪ್ಪಿಸೋಣ. ನಮ್ಮ ಕಿರು ಕ್ರೈಸ್ತ ಸಮುದಾಯಗಳ ವ್ಯಾಪ್ತಿಯಲ್ಲಿ ಒಂಟಿಯಾಗಿರುವ ಹಿರಿಯರು, ಹಾಸಿಗೆ ಹಿಡಿದವರು, ತುಂಬು ಗರ್ಭಿಣಿಯರು ಯಾರು ಯಾರು ಎಂದು ಪಟ್ಟಿ ಮಾಡಲಿ. ಪಟ್ಟಿಯಲ್ಲಿ ನಮ್ಮ ಸಭೆಯವರ ಹೆಸರು ಮಾತ್ರವಲ್ಲ, ನೆರೆಯ ಹಿಂದೂ, ಮುಸ್ಲಿಂ ಮನೆಗಳ ಹೆಸರೂ ಇರಲಿ, ಏಕೆಂದರೆ ನೀರು ಜಾತಿ ಕೇಳಿ ಒಳಗೆ ಬರುವುದಿಲ್ಲ. ಯಾರ ಮನೆಯಲ್ಲಿ ಸಲಿಕೆ, ಬುಟ್ಟಿ, ಹಗ್ಗ, ಪಂಪು, ಜೀಪು ಇದೆಯೆಂದು ಬರೆದಿಡಲಿ. ಪಂಚಾಯಿತಿಯ, ಅಗ್ನಿಶಾಮಕ ಠಾಣೆಯ, ಆಸ್ಪತ್ರೆಯ ಫೋನ್ ಸಂಖ್ಯೆಗಳು ಎಲ್ಲರ ಬಳಿ ಇರಲಿ. ಪ್ರಥಮ ಚಿಕಿತ್ಸೆ ಬಲ್ಲ ದಾದಿಯೊಬ್ಬರನ್ನು ಕರೆಸಿ ಒಂದು ಮಧ್ಯಾಹ್ನ ಕಲಿಯಲಿ. ನೆರೆ ಬಂದರೆ ಯಾರು ಯಾವ ಬೀದಿಗೆ, ಯಾರ ಮಾತು ಕೇಳಬೇಕು, ಅಡುಗೆ ಎಲ್ಲಿ ಎಂಬುದು ಮೊದಲೇ ಗೊತ್ತಿರಲಿ. ಹರಿಯುವ ನೀರಿಗೆ ಇಳಿಯುವುದು, ಜರಿಯುವ ಗುಡ್ಡದ ಕೆಳಗೆ ನಿಲ್ಲುವುದು ತಮ್ಮ ಕೆಲಸವಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿ ಗೊತ್ತಿರಲಿ.

ತಾಯಿ ತಂದೆಯರಿಗೆ ಒಂದು ಮಾತು. ಪರೀಕ್ಷೆ ಇದೆ, ಓದು ಕೆಡುತ್ತದೆ ಎಂಬ ನಿಮ್ಮ ಚಿಂತೆ ಸಹಜ. ಕ್ರೈಸ್ಟ್‌ಚರ್ಚಿನ ಮಕ್ಕಳಿಗೂ ಪರೀಕ್ಷೆಗಳಿದ್ದವು, ಮುಂದೆ ಡೇರೆಯಲ್ಲಿ ಕುಳಿತು ಅವರು ಪಾಠವನ್ನೂ ಕಲಿತರು. ಆದರೆ ಅಪರಿಚಿತರ ಅಂಗಳದಲ್ಲಿ ಕಲಿತ ಪಾಠಕ್ಕೆ ಯಾವ ವಿಶ್ವವಿದ್ಯಾಲಯದಲ್ಲೂ ತರಗತಿಯಿಲ್ಲ. ನಿಮ್ಮ ಮಗ ಅಥವಾ ಮಗಳು ಕೆಸರಾದ ಬಟ್ಟೆಯಲ್ಲಿ ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಗದರಬೇಡಿ. ಬಿಸಿನೀರು ಕಾಯಿಸಿಡಿ, ಊಟ ಬಡಿಸಿ, ಯಾರ ಮನೆಗೆ ಹೋಗಿದ್ದಿರಿ, ಅವರು ಹೇಗಿದ್ದಾರೆ ಎಂದು ಕೇಳಿ.

ಯುವಜನರೇ, ನಿಮಗೂ ಒಂದು ಮಾತು. ಯಾರೋ ಕರೆಯಲಿ ಎಂದು ಕಾಯಬೇಡಿ, ಬೇಡವೆಂದರೆ ಮುನಿಯಬೇಡಿ. ನೆರೆ ಬಾರದ ವರ್ಷವೂ ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ತಂದುಕೊಡುವವರಿಲ್ಲದ ಹಿರಿಯರು, ಸೋರುವ ಹಂಚು ಸರಿಪಡಿಸಿಕೊಳ್ಳಲಾಗದ ವಿಧವೆಯರು ನಮ್ಮ ಊರಿನಲ್ಲೇ ಇದ್ದಾರೆ. ಆ ಪಟ್ಟಿಯ ಮೊದಲ ಮನೆಗೆ ಈ ವಾರವೇ ಹೋಗಿ ಬಾಗಿಲು ತಟ್ಟಿ. ಒಂದು ಲೋಟ ಚಹಾ ಕೊಟ್ಟರೆ ಬೇಡವೆನ್ನದೆ ಕುಳಿತು ಕುಡಿಯಿರಿ.